ಅತ್ತರಿನ ಪೆಟ್ಟಿಗೆಯೂ ನನ್ನ ಶಿಫಾರಸೂ

ಶಿಫಾರಸು ಕೇಳುವವರು ಲೋಕದ ತುಂಬ ಇದ್ದಾರೆ. ಕೇಳದೆಯೇ ಕೊಡುವವನು ನಾನೊಬ್ಬನೇ! ನಮ್ಮ ಕಚೇರಿಯಲ್ಲಿ ಯಾರಿಗೆ ಹಲ್ಲು ಕೀಳಿಸಬೇಕಾದರೂ, ಮಗಳಿಗೆ ವೀಣೆ ಕಲಿಸಬೇಕಾದರೂ, ಮನೆಗೆ ಸುಣ್ಣ ಹೊಡೆಸಬೇಕಾದರೂ ಮೊದಲು ನನ್ನ ಮೇಜಿಗೆ ಬರಬೇಕು. ಅವರು ಬರದಿದ್ದರೆ ನಾನೇ ಅವರ ಮೇಜಿಗೆ ಹೋಗುತ್ತೇನೆ. "ಮಹದೇವಪ್ರಸಾದ್ ಹೇಳಿದ ಮೇಲೆ ಮುಗೀತು" ಎಂಬ ಮಾತು ನಮ್ಮ ಶಾಖೆಯಲ್ಲಿ ಬಳಕೆಯಲ್ಲಿತ್ತು. ಅದನ್ನು ಬಳಕೆಗೆ ತಂದವನು ನಾನೇ ಎಂಬುದು ನಿಜ, ಆದರೆ ಯಾರೂ ಅದನ್ನು ಲಿಖಿತವಾಗಿ ವಿರೋಧಿಸಿರಲಿಲ್ಲ.

ಪಕ್ಕದ ಮೇಜಿನ ರುದ್ರಸ್ವಾಮಿ ಮಾತ್ರ ಆಗಾಗ ಕೊಂಕು ನುಡಿಯುತ್ತಿದ್ದ. ನಾನು ಹೇಳಿದ ದಂತವೈದ್ಯರು ಅವನ ಹುಳುಕು ಹಲ್ಲನ್ನು ಬಿಟ್ಟು ಪಕ್ಕದ ಒಳ್ಳೆಯ ಹಲ್ಲನ್ನು ಕಿತ್ತಿದ್ದರು. "ಕಿತ್ತ ರೀತಿ ನೋಡಪ್ಪಾ, ಒಂದು ಹನಿ ರಕ್ತ ಬಂತಾ?" ಎಂದು ಕೇಳಿದ್ದಕ್ಕೆ ಅವನು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದ. ದೊಡ್ಡವರಿಗೆ ಇಂಥ ವಿರೋಧಿಗಳು ಇದ್ದೇ ಇರುತ್ತಾರೆ.

ಎರಡು ಸಾವಿರದ ಎರಡನೇ ಇಸವಿಯ ಮೇ ತಿಂಗಳು. ಸರ್ಕಾರಿ ನೌಕರನಿಗೆ ಮೇ ಎಂದರೆ ಮಾವಿನಹಣ್ಣಲ್ಲ, ವರ್ಗಾವಣೆ! ನಮ್ಮ ಶಾಖೆಯಿಂದ ಒಬ್ಬರನ್ನು ಔರಾದಿಗೆ ಕಳಿಸಬೇಕೆಂದು ಬೆಂಗಳೂರಿನಿಂದ ಕಾಗದ ಬಂತು. ಔರಾದಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ರಾಜ್ಯದ ನಕ್ಷೆಯಲ್ಲಿ ಅದು ಸ್ವಲ್ಪ ಹೆಚ್ಚೇ ಎತ್ತರದಲ್ಲಿದೆ, ಅಷ್ಟೇ. ನಾವು ಮೈಸೂರಿನವರು ಶ್ರೀರಂಗಪಟ್ಟಣದ ಸೇತುವೆ ದಾಟಿದರೆ ಸಾಕು, ವಿದೇಶ ಪ್ರವಾಸ ಮಾಡಿದವರಂತೆ ಬಟ್ಟೆ ಒಗೆಯಲು ಹಾಕುವ ಜನ. ಅದರಲ್ಲೂ ನಾನು ಒಂದೇ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತವನು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಆಗಬೇಕಿತ್ತು.

ಕೆಸರೆಯ ನಮ್ಮ ಮನೆಯಲ್ಲಿ ಸುದ್ದಿ ಹೇಳಿದೆ.

"ನೀನು ಎಲ್ಲಿಗಾದ್ರೂ ಹೋಗು ಕಣೋ, ನಾನಂತೂ ಬರಾಕಿಲ್ಲ" ಎಂದಳು ನನ್ನ ಅವ್ವ ಬಸಮ್ಮ.

"ನಾನು ಸ್ಕೂಲು ಬಿಟ್ಟು ಬರೋಕಾಗುತ್ತೇನ್ರೀ? ಹೋದ ವರ್ಷ ಕಾಯಂ ಆಗಿದೀನಿ" ಎಂದಳು ಹೆಂಡತಿ ಅಕ್ಷತಾ. "ಅನ್ನಕ್ಕೆ ನೀರು ಎಷ್ಟಿಡಬೇಕು ಅಂತ ಒಂದು ಚೀಟಿ ಬರೆದುಕೊಡ್ತೀನಿ."

ಅಂದರೆ ಆ ದೂರದ ಊರಿನಲ್ಲಿ ಒಂಟಿಯಾಗಿ, ನಾನು ಮಾಡಿದ ಅಡುಗೆಯನ್ನು ನಾನೇ ತಿನ್ನಬೇಕು! ಶತ್ರುವಿಗೂ ಬೇಡ ಆ ಗತಿ. ಅಂದೇ ಸಂಕಲ್ಪ ಮಾಡಿದೆ: ಹೊಸದಾಗಿ ಬಂದಿರುವ ನಮ್ಮ ಸಾಹೇಬರು ವೆಂಕಟಸುಬ್ಬಯ್ಯನವರ ಮನಸ್ಸನ್ನು ಗೆದ್ದೇ ತೀರುತ್ತೇನೆ!

ಗೆಲ್ಲುವುದು ಹೇಗೆ? ಅವರಿಗೆ ಯಾವ ದೌರ್ಬಲ್ಯವೂ ಇರಲಿಲ್ಲ. ಕಚೇರಿಯಲ್ಲಿ ಕಾಫಿ ಕುಡಿಯುತ್ತಿರಲಿಲ್ಲ. ಹೊಗಳಿದರೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರ ಪೂರ್ವಿಕರು ನಾಲ್ಕು ತಲೆಮಾರು ಅರಮನೆಯಲ್ಲಿ ಲೆಕ್ಕ ಬರೆದವರಂತೆ. ಆ ಲೆಕ್ಕದಲ್ಲಿ ನಗು ಎಂಬ ಬಾಬ್ತೇ ಇರಲಿಲ್ಲವೆಂದು ಕಾಣುತ್ತದೆ. ಇಂಥವರು ಒಂದು ದಿನ ತಾವಾಗಿಯೇ ನನ್ನನ್ನು ಒಳಗೆ ಕರೆದರು.

"ಪ್ರಸಾದ್, ನಮ್ಮ ಮನೆಯವರು ಒಂದು ಸಿನಿಮಾ ನೋಡಬೇಕು ಅಂತ ಹಟ ಹಿಡಿದಿದ್ದಾರೆ. 'ಅತ್ತರಿನ ಪೆಟ್ಟಿಗೆ' ಅಂತ. ಕಾದಂಬರಿ ಆಗಿತ್ತಂತೆ. ಪೋಸ್ಟರಿನಲ್ಲಿ ನೋಡಿದೆ, ಮೂಲೆಯಲ್ಲಿ 'ಎ' ಅಂತ ಹಾಕಿದ್ದಾರೆ. ಅದೇ ಸ್ವಲ್ಪ ಯೋಚನೆ. ನೀವು ಇದನ್ನೆಲ್ಲ ತಿಳಿದವರು ಅಂತಾರೆ. ಹೋಗಬಹುದೇನ್ರೀ?"

ನನ್ನ ಜೀವನದ ಮಹಾಮುಹೂರ್ತ ಅದು! ಲೋಕದಲ್ಲಿ ಸಾವಿರ ಸಿನಿಮಾ ಇರಲಿ, ಸಾಹೇಬರು ಕೇಳಿದ್ದು ಯಾವುದನ್ನು? ನನ್ನ ಪ್ರಾಣವಾದ 'ಅತ್ತರಿನ ಪೆಟ್ಟಿಗೆ'ಯನ್ನು! ಆ ಕಾದಂಬರಿಯನ್ನು ನಾನು ಏಳು ಸಲ ಓದಿದ್ದೆ. ಅದೂ ಅಂಗಡಿಯಲ್ಲಿ ಸಿಗುವ ಪುಸ್ತಕವನ್ನಲ್ಲ, ಮೂಲವನ್ನು.

ಮೂಲ ಎಂದರೆ ಹೀಗೆ. ಎಪ್ಪತ್ತೆರಡನೇ ಇಸವಿಯಲ್ಲಿ ಅದು ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತ್ತು. ಆಗೆಲ್ಲ ಮನೆಮನೆಯಲ್ಲೂ ಹೆಂಗಸರು ಧಾರಾವಾಹಿಯ ಹಾಳೆಗಳನ್ನು ವಾರವಾರ ಬಿಡಿಸಿ, ಹಾಸಿಗೆ ಕೆಳಗಿಟ್ಟು, ಮುಗಿದ ಮೇಲೆ ಒಟ್ಟು ಹೊಲಿದು ಪುಸ್ತಕ ಮಾಡುತ್ತಿದ್ದರು. ನನ್ನ ಅವ್ವ ಆ ಕೆಲಸದಲ್ಲಿ ಎತ್ತಿದ ಕೈ. ಅಂಚುಗಳನ್ನು ಕತ್ತರಿಯಲ್ಲಿ ಸಮ ಮಾಡಿ, ದಬ್ಬಣದಲ್ಲಿ ಚುಚ್ಚಿ, ಗೋಣಿ ದಾರದಲ್ಲಿ ಹೊಲಿದು, ಮೈದಾ ಅಂಟಿನಲ್ಲಿ ಮಠದ ಹಳೆಯ ಕ್ಯಾಲೆಂಡರನ್ನು ರಟ್ಟಿಗೆ ಅಂಟಿಸಿದ್ದಳು. ರಟ್ಟಿನ ಮೇಲೆ ಹಿರಿಯ ಸ್ವಾಮಿಗಳು ಆಶೀರ್ವಾದ ಮಾಡುತ್ತಿದ್ದರು. ಹೀಗಾಗಿ ನಮ್ಮ 'ಅತ್ತರಿನ ಪೆಟ್ಟಿಗೆ' ಮೂವತ್ತು ವರ್ಷ ದೇವರ ಗೂಡಿನ ಪಕ್ಕದಲ್ಲೇ ಇತ್ತು.

ಕಥೆಯೋ, ಎಂಥ ಕಥೆ! ಮಂದಾಕಿನಿ ಎಂಬ ಗೃಹಿಣಿ. ಅವಳ ಗಂಡ ಅರಮನೆಯ ಗುಮಾಸ್ತ, ಮಾತೇ ಆಡದ ಮನುಷ್ಯ. ಆ ಮನೆಗೆ ಅತ್ತರು ಮಾರುವವನೊಬ್ಬ ಬರುತ್ತಾನೆ. ಕೊನೆಯಲ್ಲಿ ಹಿತ್ತಲ ಬಾವಿಯಲ್ಲಿ ಅತ್ತರಿನವನ ಹೆಣ ತೇಲುತ್ತದೆ. ಅದರಲ್ಲಿ ನನಗೆ ಪ್ರಾಣಪ್ರಿಯವಾದ ಒಂದು ಜಾಗವಿದೆ. ಅತ್ತರಿನವನು ಜಗುಲಿಯಲ್ಲಿ ಚಪ್ಪಲಿ ಬಿಟ್ಟು "ಒಂದು ಲೋಟ ನೀರು ಸಿಗಬಹುದೇ?" ಎಂದು ಕೇಳುತ್ತಾನೆ. ಮಂದಾಕಿನಿ ಬಾಗಿಲು ತೆರೆಯುತ್ತಾಳೆ. ಪುಟ ತಿರುಗಿಸಿದರೆ ಬೆಳಗಾಗಿದೆ, ಅವಳು ರಂಗೋಲಿ ಬಿಡುತ್ತಿದ್ದಾಳೆ, ಕಣ್ಣಲ್ಲಿ ನೀರು! ನಡುವೆ ಏನಾಯಿತು? ಕಾದಂಬರಿಕಾರ್ತಿ ಹೇಳುವುದೇ ಇಲ್ಲ. ಆಹಾ, ಆ ಸಂಯಮ! ಇದರ ಮೇಲೆ ಕಚೇರಿಯ ರಾಜ್ಯೋತ್ಸವ ಸಂಚಿಕೆಯಲ್ಲಿ 'ಹೇಳದೆ ಉಳಿಸುವ ಕಲೆ' ಎಂದು ನಾಲ್ಕು ಪುಟದ ಪ್ರಬಂಧವನ್ನೇ ಬರೆದಿದ್ದೆ. ಈಗಿನ ಲೇಖಕರು ಆ ತಾಯಿಯನ್ನು ನೋಡಿ ನಾಚಬೇಕು ಎಂದು ಅದರ ಕೊನೆಯ ಸಾಲು.

"ಸಾರ್, ಕಣ್ಣು ಮುಚ್ಚಿಕೊಂಡು ಹೋಗಿ!" ಎಂದೆ.

"ಕಣ್ಣು ಮುಚ್ಚಿಕೊಳ್ಳೋ ಹಾಗಿದ್ದರೆ ಯಾಕ್ರೀ ಹೋಗಬೇಕು? ಆ 'ಎ' ಯಾಕೆ ಹಾಕಿದ್ದಾರೆ?"

"ಬಾವಿಯಲ್ಲಿ ಹೆಣ ತೇಲುತ್ತಲ್ಲ ಸಾರ್, ಮಕ್ಕಳು ಹೆದರಿಕೊಳ್ತಾರೆ ಅಂತ. ಬೇರೆ ಏನೂ ಇಲ್ಲ. ಒಂದೊಂದು ಅಕ್ಷರ ನನಗೆ ಗೊತ್ತು. ದೇವರ ಗೂಡಿನಲ್ಲಿ ಇಟ್ಟಿರೋ ಪುಸ್ತಕ ಸಾರ್ ಅದು! ನಾಡಿದ್ದು ಭಾನುವಾರ ಮಾರ್ನಿಂಗ್ ಶೋಗೆ ಎಲ್ಲರೂ ಹೋಗೋಣ. ನಮ್ಮ ತಾಯೀನೂ ಕರೆದುಕೊಂಡು ಬರ್ತೀನಿ. ಇದಕ್ಕಿಂತ ಗ್ಯಾರಂಟಿ ಬೇಕಾ?"

ಸಾಹೇಬರು ಕನ್ನಡಕ ಒರೆಸಿಕೊಂಡರು. ಆದರೆ ಒರೆಸುತ್ತಾ ಸಣ್ಣಗೆ ನಕ್ಕರು! ಔರಾದು ನನ್ನ ಕಣ್ಣೆದುರಿಗೇ ನಕ್ಷೆಯಿಂದ ಅಳಿಸಿಹೋಯಿತು.

ಮನೆಗೆ ಬಂದು ಸುದ್ದಿ ಹೇಳಿದೆ. ಅವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಕೈ ನಿಂತುಹೋಯಿತು.

"ಯಾವ ಸಿನ್ಮಾ ಅಂದೆ?"

"ಅತ್ತರಿನ ಪೆಟ್ಟಿಗೆ ಅವ್ವ! ನೀನೇ ಹೊಲಿದ ಪುಸ್ತಕ!"

"ಸಾಯೇಬ್ರನ್ನೂ ಕರ್ದ್ಬುಟ್ಯಾ?"

"ಹೂಂ, ಅವರ ಮನೆಯವರನ್ನೂ."

ಅವ್ವ ಅಕ್ಷತಾಳ ಮುಖ ನೋಡಿದಳು. ಅಕ್ಷತಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದ ಲೋಟವೊಂದು ಬಿದ್ದ ಸದ್ದು ಬಂತು. ಸ್ವಲ್ಪ ಹೊತ್ತಿನ ಮೇಲೆ ಬಂದು, "ರೀ, ಒಂದು ಮಾತು. ಆ ಕಾದಂಬರಿ ನೀವು ಪೂರ್ತಿ..." ಎಂದು ಶುರು ಮಾಡಿದಳು.

"ಏಳು ಸಲ ಓದಿದವನಿಗೆ ಕಾದಂಬರಿ ಬಗ್ಗೆ ಹೇಳ್ತೀಯಾ?" ಎಂದು ಅವಳ ಬಾಯಿ ಮುಚ್ಚಿಸಿದೆ.

"ಸರಿ ಬಿಡಿ" ಎಂದಳು.

ಈ 'ಸರಿ ಬಿಡಿ' ಎಂಬ ಎರಡು ಪದಗಳನ್ನು ಹೆಂಡತಿ ಯಾವಾಗ ಹೇಳಿದರೂ ಗಂಡನಾದವನು ಅಲ್ಲೇ ನಿಂತು ಎರಡು ನಿಮಿಷ ಯೋಚಿಸಬೇಕು. ನಾನು ಯೋಚಿಸಲಿಲ್ಲ.

ಭಾನುವಾರ ಹತ್ತೂವರೆಗೆ ನಾವು ಐವರೂ ಟಾಕೀಸಿನ ಬಾಲ್ಕನಿಯಲ್ಲಿ ಸಾಲಾಗಿ ಕೂತೆವು. ಒಂದು ತುದಿಯಲ್ಲಿ ಸಾಹೇಬರು, ಅವರ ಪಕ್ಕ ನಾನು, ಆಮೇಲೆ ಅವ್ವ, ಅಕ್ಷತಾ, ಆ ತುದಿಯಲ್ಲಿ ಸಾಹೇಬರ ಪತ್ನಿ ಶಾರದಮ್ಮ. ಆಕೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮದುವೆಮನೆಗೆ ಬಂದವರಂತೆ ಬಂದಿದ್ದರು. ಕೆಳಗಿನ ತರಗತಿ ಕಾಲೇಜು ಹುಡುಗರಿಂದ ತುಂಬಿಹೋಗಿತ್ತು. "ನೋಡಿ ಸಾರ್, ಯುವಜನರಲ್ಲಿ ಸಾಹಿತ್ಯದ ಅಭಿರುಚಿ ಹೇಗೆ ಬೆಳೆದಿದೆ!" ಎಂದು ಸಾಹೇಬರ ಕಿವಿಯಲ್ಲಿ ಹೇಳಿದೆ.

ಸಿನಿಮಾ ಶುರುವಾಯಿತು. ಶುರುವಾಯಿತು ಎಂದು ಸಂಗೀತದಿಂದ ತಿಳಿಯಬೇಕು, ಏಕೆಂದರೆ ಪರದೆಯ ಮೇಲೆ ಬರೀ ಕತ್ತಲೆ. ಕತ್ತಲೆಯಲ್ಲಿ ಒಂದು ಕಂಬ, ಕಂಬದ ಹಿಂದೆ ಒಂದು ಸೆರಗು, ಎಲ್ಲೋ ಒಂದು ನಿಟ್ಟುಸಿರು.

"ಏನೂ ಕಾಣ್ತಿಲ್ಲವಲ್ರೀ ಪ್ರಸಾದ್?"

"ಕತ್ತಲೆ ಇಲ್ಲಿ ಒಂದು ಸಂಕೇತ ಸಾರ್. ಮಂದಾಕಿನಿಯ ಒಳಗಿನ ಕತ್ತಲೆ."

"ಹೌದೇ? ಪ್ರೊಜೆಕ್ಟರು ಕೆಟ್ಟಿದೆ ಅಂದುಕೊಂಡೆ."

ಮುಕ್ಕಾಲು ಗಂಟೆ ಹೀಗೆ ಕಳೆಯಿತು. ಆಮೇಲೆ ಅತ್ತರಿನವನು ಜಗುಲಿ ಹತ್ತಿದ, ಚಪ್ಪಲಿ ಬಿಟ್ಟ. "ಸಾರ್, ಈಗ ನೋಡಿ! ಇದೇ ಆ ಜಾಗ! ಇವನು ನೀರು ಕೇಳ್ತಾನೆ, ಇವಳು ಬಾಗಿಲು ತೆಗೀತಾಳೆ, ತಕ್ಷಣ ರಂಗೋಲಿ!" ಎಂದೆ. ಅವನು ನೀರು ಕೇಳಿದ. ಅವಳು ಬಾಗಿಲು ತೆರೆದಳು. ಅವನು ಒಳಗೆ ಬಂದ. ಬಾಗಿಲು ಹಾಕಿಕೊಂಡಿತು. ನಾನು ರಂಗೋಲಿಗೆ ಕಾದೆ.

ರಂಗೋಲಿ ಬರಲಿಲ್ಲ! ಅದುವರೆಗೆ ನಮ್ಮನ್ನು ಕತ್ತಲೆಯಲ್ಲಿ ಕೊಳೆಹಾಕಿದ್ದ ಆ ನಿರ್ದೇಶಕ, ಸರಿಯಾಗಿ ಆಗಲೇ ದೀಪ ಹಚ್ಚಿಬಿಟ್ಟ! ಒಂದಲ್ಲ, ಕೋಣೆಯ ಸುತ್ತ ಹತ್ತು ಹನ್ನೆರಡು ದೀಪ! ಅತ್ತರಿನವನು ಪೆಟ್ಟಿಗೆ ತೆರೆದು ಸೀಸೆಯೊಂದರ ಬಿರಡೆ ಕಿತ್ತ. ಮಂದಾಕಿನಿಯ ಒದ್ದೆ ಕೂದಲನ್ನು ಪಕ್ಕಕ್ಕೆ ಸರಿಸಿದ. ಆ ಬಿರಡೆಯನ್ನು ಅವಳ ಕಿವಿಯ ಹಿಂದೆ ಇಟ್ಟ. ಅಲ್ಲಿಂದ ಕತ್ತಿಗೆ ಬಂದ. ಕತ್ತಿನಿಂದ ಕೆಳಕ್ಕೆ ಹೊರಟ. ಕೆಳಗಿನ ತರಗತಿಯಲ್ಲಿ ಸಾಹಿತ್ಯಾಭಿರುಚಿ ಒಮ್ಮೆಲೇ ಸಿಳ್ಳೆ ಹಾಕಿತು.

ನನ್ನ ಪಕ್ಕದಲ್ಲಿ ಅವ್ವ! ಆಚೆ ಪಕ್ಕದಲ್ಲಿ ವರ್ಗಾವಣೆ! ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಬಿರಡೆ ಭುಜದ ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ: "ಇದು ಕಾದಂಬರೀಲಿ ಇಲ್ಲ! ಇದು ಮೋಸ!"

"ಕೂತ್ಕೊಳಯ್ಯಾ!" ಎಂದಿತು ಇಡೀ ಟಾಕೀಸು. "ಬೇಕಾದ್ರೆ ಮನೇಗೋಗಿ ಪುಸ್ತಕ ಓದ್ಕೋ!" ಎಂದು ಕೆಳಗಿನಿಂದ ಯಾರೋ ಸೇರಿಸಿದರು.

"ಏಳಿ ಸಾರ್, ಏಳಿ ಅಮ್ಮಾ, ಅವ್ವ ಏಳು! ಮರ್ಯಾದಸ್ಥರು ಕೂರೋ ಜಾಗ ಅಲ್ಲ ಇದು!" ಎಂದು ಎಲ್ಲರನ್ನೂ ಎಬ್ಬಿಸಿದೆ. ಸಾಹೇಬರು ಮೈಗೆ ಬೆಂಕಿ ತಗುಲಿದವರಂತೆ ಎದ್ದರು. ಹೆಂಗಸರು ಮೂವರೂ ಅಲ್ಲಾಡಲಿಲ್ಲ. ಪಾಪ, ಆಘಾತದಿಂದ ಕಾಲೇ ಬರುತ್ತಿಲ್ಲ ಎಂದುಕೊಂಡು ಅವ್ವನ ಕೈ ಹಿಡಿದು ಎಳೆದೆ. "ತಡಿಯೋ, ಚಪ್ಪಲಿ ಸಿಕ್ತಿಲ್ಲ" ಎಂದು ಅವಳು ಬಗ್ಗಿ ಹುಡುಕತೊಡಗಿದಳು. ಚಪ್ಪಲಿ ಅವಳ ಕಾಲಲ್ಲೇ ಇತ್ತು. ಹುಡುಕುವಾಗ ದೃಷ್ಟಿ ಮಾತ್ರ ಪರದೆಯ ಮೇಲಿತ್ತು. ಇದೆಲ್ಲ ನನಗೆ ಹೊಳೆದದ್ದು ಆಮೇಲೆ.

ಹೊರಗೆ ಬಂದೆವು. ಸಾಹೇಬರು ಆಟೋ ಕರೆದರು. ಶಾರದಮ್ಮ ಆಟೋ ಹತ್ತುವ ಮುಂಚೆ ಒಮ್ಮೆ ತಿರುಗಿ ನನ್ನನ್ನು ನೋಡಿದರು. ಆ ನೋಟದಲ್ಲಿ ಮಲ್ಲಿಗೆ ಬಾಡಿಹೋಗುವಷ್ಟು ಬಿಸಿ ಇತ್ತು.

"ಶಾರದಮ್ಮನವರಿಗೆ ತುಂಬಾ ಕೋಪ ಬಂದಿದೆ ಕಣ್ರೀ" ಎಂದಳು ಅಕ್ಷತಾ.

"ಬರದೆ ಇರುತ್ತಾ? ಅಂಥಾ ಸಿನಿಮಾ!"

"ನಾನು ಸಿನಿಮಾ ಮೇಲೆ ಅಂದ್ನಾ?" ಎಂದವಳು ಅವ್ವನ ಕೈ ಹಿಡಿದು ಮುಂದೆ ನಡೆದಳು.

ಸೋಮವಾರ ಸಾಹೇಬರು ನನ್ನ ನಮಸ್ಕಾರವನ್ನು ನೋಡದೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ವರ್ಗಾವಣೆಯ ಕಡತ ಒಳಗೆ ಹೋಯಿತು. ರುದ್ರಸ್ವಾಮಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

"ಏನಪ್ಪಾ ಪ್ರಸಾದು, ಸಾಹೇಬ್ರಿಗೆ ದೇವರ ಚಿತ್ರ ತೋರಿಸಿದ್ಯಂತೆ? ಔರಾದಲ್ಲಿ ಚಳಿ ಜಾಸ್ತಿ ಕಣಪ್ಪಾ. ಒಳ್ಳೆ ರಗ್ಗು ಎಲ್ಲಿ ಸಿಗುತ್ತೆ ಅಂತ ನಾನು ಬೇಕಾದ್ರೆ ಶಿಫಾರಸು ಮಾಡ್ತೀನಿ."

ನನ್ನ ರಕ್ತ ಕುದಿಯಿತು. ತಪ್ಪು ಯಾರದ್ದು? ನನ್ನದೇ? ಅಲ್ಲ, ಆ ನಿರ್ದೇಶಕನದು! ತಕ್ಷಣ ಹಾಳೆ ಎಳೆದುಕೊಂಡು ಅವನಿಗೊಂದು ಖಂಡನಾಪತ್ರ ಬರೆದೆ. 'ಸಂಯಮದ ಶಿಖರವಾದ ಕನ್ನಡದ ಕಾದಂಬರಿಯೊಂದಕ್ಕೆ ಇಲ್ಲದ ದೃಶ್ಯಗಳನ್ನು ತುರುಕಿ, ಪೂಜ್ಯ ಲೇಖಕಿಯ ಮಾನವನ್ನು ಬಾಲ್ಕನಿಯಿಂದ ಕೆಳಕ್ಕೆ ತಳ್ಳಿರುವ ತಾವು...' ಎಂದು ಆರಂಭ. ಶಾಖೆಯ ಹದಿನಾಲ್ಕು ಜನರ ಸಹಿ ಹಾಕಿಸಿದೆ. ಕಾಗದ ಓದಿ ಸಹಿ ಹಾಕುವ ಕೆಟ್ಟ ಅಭ್ಯಾಸ ನಮ್ಮ ಇಲಾಖೆಯಲ್ಲಿ ಯಾರಿಗೂ ಇಲ್ಲವಾದ್ದರಿಂದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು.

ಆದರೆ ಪತ್ರವೊಂದೇ ಸಾಲದು, ಸಾಕ್ಷಿ ಬೇಕು. ಮಂಗಳವಾರ ಸಂಜೆ ದೇವರ ಗೂಡಿನ ಪಕ್ಕದಿಂದ ಮೂಲಪ್ರತಿಯನ್ನು ಇಳಿಸಿದೆ.

"ಎಲ್ಲಿಗೋ ಅದು?" ಎಂದಳು ಅವ್ವ.

"ಸಾಹೇಬರ ಮನೆಗೆ. ಇದನ್ನ ಮುಂದಿಟ್ಟು, ಮೂಲದಲ್ಲಿ ಅಂಥದ್ದು ಒಂದಕ್ಷರವೂ ಇಲ್ಲ ಅಂತ ತೋರಿಸ್ತೀನಿ. ಆಮೇಲೆ ನೋಡು, ಔರಾದಿಗೆ ಹೋಗೋನು ಯಾರು ಅಂತ! ನೀವಿಬ್ಬರೂ ಹೊರಡಿ. ಈ ಪುಸ್ತಕ ಹೊಲಿದೋಳು ನೀನು, ನೀನೇ ಸಾಕ್ಷಿ."

"ಬ್ಯಾಡ ಕಣೋ ಮಗಾ. ನನ್ ಮಾತ್ ಕೇಳು, ಬ್ಯಾಡ."

"ಸತ್ಯಕ್ಕೆ ಹೆದರಬಾರದು ಅವ್ವ!"

ಅವ್ವ "ಅಂಗಾದ್ರೆ ನಂದೊಂದು ಚೀಲ ಐತೆ, ತಗೊಂಡ್ ಬತ್ತೀನಿ ತಾಳು" ಎಂದು ಕೋಣೆಗೆ ಹೋದಳು. ಟ್ರಂಕಿನ ಮುಚ್ಚಳ ಕಿರುಗುಟ್ಟಿತು.

ಸರಸ್ವತಿಪುರದ ಸಾಹೇಬರ ಮನೆಯ ನಡುಮನೆಯಲ್ಲಿ ನಾನು ನ್ಯಾಯಾಲಯದಲ್ಲಿ ನಿಂತ ವಕೀಲನಂತೆ ನಿಂತೆ. ಖಂಡನಾಪತ್ರವನ್ನು ಏರುದನಿಯಲ್ಲಿ ಓದಿದೆ. ಸಾಹೇಬರು ಕಾಫಿ ಲೋಟ ಹಿಡಿದು ಕೂತಿದ್ದರು. ಶಾರದಮ್ಮ ಗೋಡೆಗೆ ಒರಗಿ ನಿಂತಿದ್ದರು. ಆಮೇಲೆ ಸ್ವಾಮಿಗಳ ಆಶೀರ್ವಾದವಿದ್ದ ಆ ಗ್ರಂಥವನ್ನು ತೆರೆದೆ.

"ಕೇಳಿ ಸಾರ್! 'ಒಂದು ಲೋಟ ನೀರು ಸಿಗಬಹುದೇ ಎಂದು ಕೇಳಿದ. ಮಂದಾಕಿನಿ ಬಾಗಿಲು ತೆರೆದಳು.' ಇಲ್ಲಿಗೆ ಈ ಪುಟ ಮುಗೀತು. ಈಗ ಮುಂದಿನ ಪುಟ: 'ಬೆಳಗಾಯಿತು. ಮಂದಾಕಿನಿ ರಂಗೋಲಿ ಬಿಡುತ್ತಿದ್ದಳು.' ಮಧ್ಯೆ ಏನಾದರೂ ಇದೆಯಾ? ಬಿರಡೆ ಇದೆಯಾ? ಕತ್ತು ಇದೆಯಾ? ನೀವೇ ನೋಡಿ ಅಮ್ಮಾ!"

ಶಾರದಮ್ಮ ಪುಸ್ತಕ ತೆಗೆದುಕೊಂಡು ಎರಡೂ ಪುಟಗಳನ್ನು ನೋಡಿದರು. ಹಿಂದೆ ಮುಂದೆ ತಿರುಗಿಸಿದರು.

"ಪ್ರಸಾದ್ ಅವರೇ, ಈ ನೀರಿಗೂ ಈ ರಂಗೋಲಿಗೂ ಮಧ್ಯೆ ಆರು ವಾರ ಇತ್ತು."

"ಆರು ವಾರ? ಇಲ್ಲಮ್ಮ, ಮಾರನೇ ದಿನವೇ ಬೆಳಗಾಯಿತು."

"ಕಥೆಯಲ್ಲಿ ಅಲ್ಲ ಕಣ್ರೀ, ಪತ್ರಿಕೆಯಲ್ಲಿ! ಆರು ಸಂಚಿಕೆ! ಆ ಬಾಗಿಲು ಹಾಕಿಕೊಂಡಿದ್ದು ತೆಗೆಯೋದಕ್ಕೆ ಆರು ವಾರ ಆಯ್ತು. ನಾನಾಗ ಪಿಯುಸಿ. ಹಾಸ್ಟೆಲಿನಲ್ಲಿ ಒಂದು ಪ್ರತಿಗೆ ಹನ್ನೆರಡು ಜನ ಸರದಿ ಕಾಯ್ತಿದ್ವಿ. ನಿಮ್ಮ ಪುಸ್ತಕದಲ್ಲಿ ಆ ಆರು ಸಂಚಿಕೆ ಎಲ್ಲಿ?"

ಪುಸ್ತಕವನ್ನು ಮತ್ತೆ ನನ್ನ ಕೈಗೆ ತೆಗೆದುಕೊಂಡೆ. ಪುಟಸಂಖ್ಯೆ ನೋಡೋಣವೆಂದರೆ ಅಂಚೆಲ್ಲ ಅವ್ವನ ಕತ್ತರಿಗೆ ಹೋಗಿತ್ತು. ಅಧ್ಯಾಯದ ಸಂಖ್ಯೆ ನೋಡೋಣವೆಂದರೆ ಅದೂ ಹೋಗಿತ್ತು. ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ತನ್ನ ಚೀಲವನ್ನು ತೊಡೆಯ ಮೇಲೆ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ಆಗ ನಿಂಗೆ ಹದ್ಮೂರು ವರ್ಸ ಕಣೋ. ಸಿಕ್ಕಿದ್ದನ್ನೆಲ್ಲ ಓದೋ ಚಾಳಿ. ಬೋಂಡ ಕಟ್ಟಿದ್ ಪೇಪರ್ನೂ ಬುಡ್ತಿರ್ಲಿಲ್ಲ. ನಾನೇನ್ ಮಾಡ್ಲಿ? ಆ ಆರ್ ವಾರದ್ದು ಬುಟ್ಟು ಮಿಕ್ಕಿದ್ದು ಹೊಲ್ದೆ."

"ಅವ್ವ! ಹಾಗಾದರೆ ಅದನ್ನೆಲ್ಲ ಬಿಸಾಕಿಬಿಟ್ಟೆಯಾ?"

"ಬಿಸಾಕಾಕೆ ನಂಗೇನ್ ಹುಚ್ಚಾ?" ಎಂದು ಅವ್ವ ಚೀಲದಿಂದ ಹಳದಿ ಬಟ್ಟೆಯ ಗಂಟೊಂದನ್ನು ತೆಗೆದಳು. ಬಿಚ್ಚಿದರೆ ಹಾಳೆಗಳು! ಮೂವತ್ತು ವರ್ಷದ ಹಾಳೆಗಳು, ಮೂಲೆ ಮೂಲೆಯೂ ಬೆರಳು ತಾಗಿ ತಾಗಿ ನುಣುಪಾಗಿದ್ದವು. ಎಂದರೆ ಅವು ಟ್ರಂಕಿನಲ್ಲಿ ಸುಮ್ಮನೆ ಮಲಗಿರಲಿಲ್ಲ!

"ಅಯ್ಯೋ ಬಸಮ್ಮನವರೇ!" ಎಂದು ಶಾರದಮ್ಮ ಓಡಿಬಂದು ಪಕ್ಕದಲ್ಲಿ ಕೂತರು. ಆಕೆಯ ಕಣ್ಣು ಒದ್ದೆಯಾಗಿತ್ತು. "ಪುಸ್ತಕವಾಗಿ ಬಂದಾಗ ಇದರಲ್ಲಿ ಅರ್ಧ ತೆಗೆದುಬಿಟ್ಟಿದ್ದರು. ಆ ಹಾಳೆಗಳು ಎಲ್ಲೂ ಸಿಕ್ಕಿರಲಿಲ್ಲ ನನಗೆ."

ನಾನು ಅಕ್ಷತಾಳ ಕಡೆ ನೋಡಿದೆ. ಅವಳು ಸೀಲಿಂಗ್ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ನಿನಗೂ ಗೊತ್ತಿತ್ತಾ?"

"ಮದುವೆಯಾದ ವರ್ಷ ಗೌರಿ ಹಬ್ಬಕ್ಕೆ ಅತ್ತೆ ಸೀರೆ ಜೊತೆ ಕೊಟ್ಟರು ಕಣ್ರೀ. ಮೊನ್ನೆ ಹೇಳೋಕೆ ಬಂದೆ, ನೀವೆಲ್ಲಿ ಬಿಟ್ರಿ?"

ಸಾಹೇಬರು ಕೆಮ್ಮಿದರು. "ಶಾರದಾ, ಅಂದ್ರೆ... ನೀನೂ ಇದನ್ನೆಲ್ಲ..."

"ನಿಮ್ಮನ್ನ ಮದುವೆ ಆಗೋಕೆ ಮುಂಚೆನೇ" ಎಂದರು ಶಾರದಮ್ಮ. ಸಾಹೇಬರು ಕಾಫಿ ಲೋಟದೊಳಗೆ ಇಣುಕಿ ನೋಡತೊಡಗಿದರು. ಆಕೆ ನನ್ನತ್ತ ತಿರುಗಿದರು. "ಆ ಬಾಗಿಲ ಹಿಂದಿನದನ್ನ ತೆರೆಯ ಮೇಲೆ ಹೇಗೆ ತೋರಿಸ್ತಾರೋ ಅಂತ ನೋಡೋಕೆ ಮೂವತ್ತು ವರ್ಷ ಕಾದಿದ್ದೆ ಪ್ರಸಾದ್ ಅವರೇ. ರೇಷ್ಮೆ ಸೀರೆ ಉಟ್ಟುಕೊಂಡು ಬಂದೆ. ಅವನು ಬಿರಡೆ ತೆಗೆದ, ನೀವು ಎದ್ದು ನಿಂತಿರಿ! ನನ್ನ ಮರ್ಯಾದೆ ಕಾಪಾಡಿ ಅಂತ ನಾನು ನಿಮ್ಮನ್ನ ಕೇಳಿದ್ನಾ?"

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮಾತಿಗೆ ಹೇಳುತ್ತಿಲ್ಲ, ಕಿವಿ ಬಿಸಿಯಾಯಿತು. ಮೂವತ್ತು ವರ್ಷ ನಾನು ಯಾವುದನ್ನು ಸಂಯಮ, ಮೌನ, ಕಲೆಯ ಶಿಖರ ಎಂದು ಹೊಗಳಿ ಪ್ರಬಂಧ ಬರೆದಿದ್ದೆನೋ ಅದು ನನ್ನ ಅವ್ವನ ಕತ್ತರಿಯಾಗಿತ್ತು! ನಾನು ಹೆಂಗಸರ ಮಾನ ಕಾಯುತ್ತೇನೆಂದು ಟಾಕೀಸಿನಲ್ಲಿ ಎದ್ದು ನಿಂತಾಗ, ಆ ಸಾಲಿನಲ್ಲಿ ಏನೂ ಓದಿರದ ಮುಗ್ಧರು ಇಬ್ಬರೇ ಇದ್ದರು. ಒಬ್ಬ ನಾನು, ಇನ್ನೊಬ್ಬರು ಸಾಹೇಬರು. ಖಂಡನಾಪತ್ರವನ್ನು ಮೆಲ್ಲಗೆ ಮಡಿಸಿ ಜೇಬಿಗೆ ಹಾಕಿಕೊಂಡೆ. ಔರಾದು ಖಚಿತವಾಯಿತು.

ಬುಧವಾರ ಬೆಳಗ್ಗೆ ಹೆಂಗಸರು ಮೂವರೂ ಟಾಕೀಸಿಗೆ ಹೋದರು. ಗುರುವಾರಕ್ಕೆ ಸಿನಿಮಾ ಎತ್ತುವುದರಲ್ಲಿತ್ತು. ಅಕ್ಷತಾಗೆ ಬೇಸಿಗೆ ರಜೆ. ನನ್ನನ್ನು ಯಾರೂ ಕರೆಯಲಿಲ್ಲ. ಕಚೇರಿಗೆ ಬಂದರೆ ಸಾಹೇಬರು ಒಳಗೆ ಕರೆಸಿದರು. ಮೇಜಿನ ಮೇಲೆ ವರ್ಗಾವಣೆಯ ಕಡತ ತೆರೆದಿತ್ತು. ಚಳಿಗಾಲದ ರಗ್ಗು, ಅನ್ನಕ್ಕಿಡುವ ನೀರು, ಎಲ್ಲವೂ ಕಣ್ಣ ಮುಂದೆ ಬಂದವು.

"ಸೋಮವಾರ ನಿಮ್ಮ ಹೆಸರೇ ಬರೆದಿದ್ದೆ" ಎಂದರು. "ಇವತ್ತು ಬೆಳಗ್ಗೆ ಹೊಡೆದುಹಾಕಿದೆ. ಬಸಮ್ಮನವರು ಮೈಸೂರಲ್ಲೇ ಇರಬೇಕು, ಅವರನ್ನು ನೋಡಿಕೊಳ್ಳೋಕೆ ಮಗ ಇಲ್ಲೇ ಇರಬೇಕು ಅಂತ ನಮ್ಮ ಮನೆಯವರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಪ್ರತಿ ಬುಧವಾರ ಇಬ್ಬರೂ ಸೇರಿ ಓದ್ತಾರಂತೆ."

"ಸಾರ್! ಹಾಗಾದರೆ ಔರಾದಿಗೆ?"

"ರುದ್ರಸ್ವಾಮಿ ತಾವಾಗಿಯೇ ಬರೆದುಕೊಟ್ಟರು. ಕಾರಣ ಕೇಳಿದೆ. ಅಲ್ಲಿ ಪಕ್ಕದ ಮೇಜಿನಿಂದ ಯಾರೂ ದಂತವೈದ್ಯರ ಹೆಸರು ಹೇಳೋದಿಲ್ಲ ಅಂದರು."

ನಾನು ಕೈ ಮುಗಿದು ಹೊರಟೆ. "ಪ್ರಸಾದ್" ಎಂದು ಮತ್ತೆ ಕರೆದರು. ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದರು. ಕನ್ನಡಕ ತೆಗೆದು ಒರೆಸಿದರು.

"ಆ ಆರು ಸಂಚಿಕೆ... ಶಾರದಾ ಕೇಳಿದರೆ ನಗ್ತಾಳೆ. ನಿಮ್ಮ ತಾಯಿಯವರ ಹತ್ತಿರ ನೀವು ಒಂದು ಮಾತು..." ಎಂದು ತಡವರಿಸಿದರು. "ಸ್ವಲ್ಪ ಶಿಫಾರಸು ಮಾಡ್ತೀರೇನ್ರೀ?"

ಹೋದ ಜೀವ ಬಂದಂತಾಯಿತು! ಸಾಕ್ಷಾತ್ ಸಾಹೇಬರೇ ನನ್ನ ಶಿಫಾರಸು ಕೇಳುತ್ತಿದ್ದಾರೆ! ಎದೆಯುಬ್ಬಿಸಿಕೊಂಡು ಸಂಜೆ ಮನೆಗೆ ಬಂದೆ. ಅತ್ತೆ ಸೊಸೆ ಇಬ್ಬರೂ ಜಗುಲಿಯಲ್ಲಿ ಕೂತು ಸಿನಿಮಾದ ವಿಮರ್ಶೆಯಲ್ಲಿ ತೊಡಗಿದ್ದರು.

"ಪರವಾಗಿಲ್ಲ" ಎನ್ನುತ್ತಿದ್ದಳು ಅವ್ವ. "ಆದ್ರೂ ಬಾಳಾ ಕಮ್ಮಿ ಮಾಡ್ಬುಟ್ಟವ್ನೆ. ಆ ಡೈರೆಟ್ರಿಗೆ ನಾಚ್ಕೆ ಜಾಸ್ತಿ ಕಣಮ್ಮ."

ನಾನು ಗಂಟಲು ಸರಿಪಡಿಸಿಕೊಂಡು ವಿಷಯ ಮಂಡಿಸಿದೆ. ಸಾಹೇಬರಿಗೆ ಆ ಹಾಳೆಗಳು ಬೇಕಂತೆ. ಜೊತೆಗೆ, ಹೇಗೂ ತೆಗೆಯುತ್ತಿದ್ದೀಯಲ್ಲ, ನಾನೂ ಒಮ್ಮೆ ಕಣ್ಣಾಡಿಸಿ ಆಮೇಲೆ ಕೊಡುತ್ತೇನೆ ಎಂದೆ. ಎಷ್ಟೆಂದರೂ ಏಳು ಸಲ ಓದಿದ ಕಾದಂಬರಿಯನ್ನು ಒಂದು ಸಲವಾದರೂ ಪೂರ್ತಿ ಓದಬೇಕಲ್ಲ!

ಅವ್ವ ಸೊಸೆಯ ಮುಖ ನೋಡಿದಳು. "ಕೊಡಾನೇನಮ್ಮ?"

ಅಕ್ಷತಾ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದಳು.

"ಸಾಹೇಬರಿಗೆ ಕೊಡಿ ಅತ್ತೆ, ಪಾಪ, ಟಾಕೀಸಲ್ಲಿ ಅವರು ಎದ್ದಿದ್ದು ಇವರನ್ನ ನೋಡಿ. ಇವರಿಗೆ ಇನ್ನೂ ಎರಡು ವರ್ಷ ಹೋಗಲಿ."

ಅವ್ವ ಒಳಗೆ ಹೋಗಿ ಆ ಹಾಳೆಗಳನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ದಬ್ಬಣ ತಂದು, ನಾಲ್ಕೂ ಅಂಚನ್ನು ಗೋಣಿ ದಾರದಲ್ಲಿ ಬಿಗಿಯಾಗಿ ಹೊಲಿದು ನನ್ನ ಕೈಗಿಟ್ಟಳು.

"ಸೀದಾ ಸಾಯೇಬ್ರ ಕೈಗೇ ಕೊಡು. ದಾರೀಲಿ ಬಿಚ್ಚಿದ್ರೆ ನಂಗೆ ಹೊಲಿಗೆ ನೋಡಿದ್ರೇ ಗೊತ್ತಾಯ್ತದೆ."

ನಲವತ್ತಮೂರು ವರ್ಷದ ನಾನು "ಆಯ್ತವ್ವ" ಎಂದು ಸ್ಕೂಟರು ಹತ್ತಿದೆ.